ಪ್ಯಾಕಿಂಗ್ ಮೇಜಿನಿಂದ ಶುರುಮಾಡಿ: ಕೊಡಗಿನ ಸಣ್ಣ ಅಂಗಡಿಗೆ ಆನ್‌ಲೈನ್ ತಂತ್ರಾಂಶ

ಕೊಡಗಿನಲ್ಲಿ ಆನ್‌ಲೈನ್ ಅಂಗಡಿ ಹುಟ್ಟುವುದು ಹೆಚ್ಚಾಗಿ ಒಂದು ಫೋನ್ ಕರೆಯಿಂದ. ರಜೆಗೆ ಬಂದವರು ಕುಶಾಲನಗರದ ರಸ್ತೆಬದಿಯಲ್ಲೋ ಮಡಿಕೇರಿ ಪೇಟೆಯಲ್ಲೋ ಹೋಂಸ್ಟೇ ಜಗಲಿಯಲ್ಲೋ ಕಾಲು ಕಿಲೋ ಕಾಫಿಪುಡಿ, ಒಂದು ಬಾಟಲಿ ಜೇನು, ಒಂದಿಷ್ಟು ಕರಿಮೆಣಸು ಕೊಂಡು ಹೋಗುತ್ತಾರೆ. ಪುಡಿ ಮುಗಿದ ದಿನ ಪೊಟ್ಟಣದ ಮೇಲಿನ ನಂಬರು ಹುಡುಕಿ, ಇನ್ನೊಂದು ಕಿಲೋ ಕಳಿಸಿಕೊಡಿ ಎನ್ನುತ್ತಾರೆ. ಇಂಥ ಕರೆ ತಿಂಗಳಿಗೆ ಐದಾರು ಬರುವವರೆಗೆ ಒಂದು ನೋಟ್‌ಬುಕ್ಕು, ವಾಟ್ಸಾಪು, ಯುಪಿಐ ಇದ್ದರೆ ಧಾರಾಳವಾಯಿತು. ಕರೆಗಳು ಮೂವತ್ತು ನಲವತ್ತಾದಾಗ ವಿಳಾಸ ಅದಲುಬದಲಾಗುತ್ತದೆ, ಯಾರು ದುಡ್ಡು ಹಾಕಿದರು ಯಾರು ಹಾಕಲಿಲ್ಲ ಎಂಬ ಗೊಂದಲ ಶುರುವಾಗುತ್ತದೆ. ತಂತ್ರಾಂಶದ ಪ್ರಶ್ನೆ ಏಳಬೇಕಾದ್ದು ಆಗ.

ನೇರ ಮಾರಾಟವೇ ಇಲ್ಲಿನ ಕಾಫಿ ಬೆಳೆಗಾರರಿಗೆ ಹೊಸದು ಎಂಬುದನ್ನು ನೆನಪಿಡಬೇಕು. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆಯೆಲ್ಲ ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹವಾದ ಪೂಲಿಗೆ ಹೋಗುತ್ತಿತ್ತು. ತೊಂಬತ್ತರ ದಶಕದಲ್ಲಿ ಹಿಡಿತ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಬೆಳೆಗಾರರಿಗೆ ತಮ್ಮ ಬೆಳೆಯನ್ನು ಪೂರ್ತಿ ತಾವೇ ಮಾರುವ ಸ್ವಾತಂತ್ರ್ಯ ಸಿಕ್ಕಿತು. ಜೇನಿನ ಕಥೆ ಬೇರೆ. ವಿರಾಜಪೇಟೆಯ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ 1936ರದು. ಜೇನು ಸಾಕುವವರು ಒಟ್ಟಾಗಿ ಮಾರುವುದನ್ನು ಅಷ್ಟು ಮೊದಲೇ ಕಲಿತಿದ್ದರು. ಕಾಫಿಯಲ್ಲಿ ಮಾತ್ರ, 50 ಕಿಲೋ ಚೀಲದ ಲೆಕ್ಕದಲ್ಲಿ ಪಾರ್ಚ್‌ಮೆಂಟು, ಚೆರಿ ಎಂಬ ಹುರಿಯದ ಕಾಫಿಯನ್ನು ಮಾರಿ ಗೊತ್ತಿರುವ ಮನೆಗಳು ಕಾಲು ಕಿಲೋ ಪುಡಿಯ ಚಿಲ್ಲರೆ ವ್ಯಾಪಾರವನ್ನು ಈಗೀಗ ಕಲಿಯುತ್ತಿವೆ.

ತಂತ್ರಾಂಶ ಆರಿಸಲು ಕುಳಿತವರು ಮೊದಲು ನೋಡುವುದು ಪರದೆಯ ಅಂದವನ್ನು: ಯಾವ ವಿನ್ಯಾಸ, ಯಾವ ಬಣ್ಣ, ಫೋಟೊ ಎಷ್ಟು ದೊಡ್ಡದು. ನನ್ನ ಅಭಿಪ್ರಾಯದಲ್ಲಿ ಇದು ತಲೆಕೆಳಗಾದ ಕ್ರಮ. ಆಯ್ಕೆ ಶುರುವಾಗಬೇಕಾದ್ದು ಪ್ಯಾಕಿಂಗ್ ಮೇಜಿನಿಂದ. ಮೇಜಿನ ಮೇಲೆ ಏನಿದೆ, ಅದರ ತೂಕ ಎಷ್ಟು, ಅದನ್ನು ಯಾರು ಬಂದು ಒಯ್ಯುತ್ತಾರೆ, ಒಡೆದರೆ ಯಾರು ಕೇಳುತ್ತಾರೆ? ಇವಕ್ಕೆ ಉತ್ತರ ಬರೆದಿಟ್ಟುಕೊಂಡರೆ ಹತ್ತು ತಂತ್ರಾಂಶಗಳಲ್ಲಿ ಏಳು ತಾವಾಗಿ ಪಟ್ಟಿಯಿಂದ ಬಿದ್ದುಹೋಗುತ್ತವೆ.

ತಕ್ಕಡಿ ಹೇಳುವುದು

ಜೇನನ್ನೇ ತೆಗೆದುಕೊಳ್ಳಿ. ಕೊಡಗಿನಲ್ಲಿ ಜೇನಿನ ಮಾತು ಇವತ್ತಿಗೂ ಬಾಟಲಿ ಲೆಕ್ಕದಲ್ಲೇ ನಡೆಯುತ್ತದೆ. ಆದರೆ ಜೇನು ನೀರಿಗಿಂತ ಸುಮಾರು 1.4 ಪಟ್ಟು ಭಾರ. 750 ಮಿಲಿಲೀಟರಿನ ಬಾಟಲಿ ತುಂಬಿದರೆ ಜೇನಿನ ತೂಕವೇ ಒಂದು ಕಿಲೋ ದಾಟುತ್ತದೆ. ಅರ್ಧ ಕಿಲೋ ಜೇನಿಗೆ ಗಾಜಿನ ಬಾಟಲಿ ಸುಮಾರು 250 ಗ್ರಾಂ, ಗುಳ್ಳೆ ಹಾಳೆ ಮತ್ತು ದಪ್ಪ ರಟ್ಟಿನ ಪೆಟ್ಟಿಗೆ ಇನ್ನೊಂದು 200 ಗ್ರಾಂ ಎಂದಿಟ್ಟುಕೊಂಡರೂ ಪಾರ್ಸೆಲ್ ಒಂದು ಕಿಲೋದ ಹತ್ತಿರ ಬಂದು ನಿಲ್ಲುತ್ತದೆ. ತಂತ್ರಾಂಶದಲ್ಲಿ "500 ಗ್ರಾಂ" ಎಂದಷ್ಟೇ ತುಂಬಿದರೆ ಗಿರಾಕಿಯಿಂದ ಅರ್ಧ ಕಿಲೋದ ಸಾಗಣೆ ವೆಚ್ಚ ವಸೂಲಾಗುತ್ತದೆ, ಕೊರಿಯರಿನವರು ಒಂದು ಕಿಲೋದ್ದು ಹಿಡಿಯುತ್ತಾರೆ. ವ್ಯತ್ಯಾಸ ಅಂಗಡಿಯವರ ತಲೆಗೆ.

ಹಗುರ ಸರಕಿನಲ್ಲಿ ಪೆಟ್ಟು ಬೀಳುವುದು ಇನ್ನೊಂದು ಕಡೆಯಿಂದ. ಕೊರಿಯರ್ ಕಂಪನಿಗಳು ಗಾತ್ರದ ತೂಕವನ್ನೂ ಲೆಕ್ಕ ಹಾಕುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಬಂದ ಕಿಲೋ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ ಹಾಕುತ್ತವೆ. 25×20×15ರ ಪೆಟ್ಟಿಗೆಯಲ್ಲಿ ಎರಡು ಕಾಲು ಕಿಲೋ ಕಾಫಿ ಪೊಟ್ಟಣ ಇಟ್ಟರೆ ಕಾಫಿ ಅರ್ಧ ಕಿಲೋ, ದರ ಒಂದೂವರೆ ಕಿಲೋಗೆ. ಆದ್ದರಿಂದ ಪ್ರತಿ ಸರಕಿಗೂ ಪ್ಯಾಕ್ ಆದ ಮೇಲಿನ ತೂಕ ತುಂಬುವ ಜಾಗ, ತೂಕದ ಹಂತಕ್ಕೂ ರಾಜ್ಯಕ್ಕೂ ಬೇರೆ ಬೇರೆ ಸಾಗಣೆ ದರ ಕಟ್ಟುವ ಸೌಲಭ್ಯ, ಸಾಧ್ಯವಾದರೆ ಪೆಟ್ಟಿಗೆಯ ಅಳತೆ ತುಂಬುವ ಜಾಗ ಇರಲೇಬೇಕು. "ದೇಶದಾದ್ಯಂತ ಒಂದೇ ದರ" ಎಂಬುದೊಂದೇ ಆಯ್ಕೆ ಇರುವ ತಂತ್ರಾಂಶ ಟೀ ಶರ್ಟ್ ಮಾರುವವರಿಗೆ ಸರಿ, ಜೇನು ಮತ್ತು ಕಾಚಂಪುಳಿ (ಕೊಡಗಿನ ಹುಳಿರಸ) ಬಾಟಲಿ ಮಾರುವವರಿಗೆ ಆಗದು.

ಪಿಕಪ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶಿಪ್‌ರಾಕೆಟ್‌ನಂಥ, ಹಲವು ಕೊರಿಯರ್‌ಗಳನ್ನು ಒಂದೆಡೆ ಕೂಡಿಸುವ ಸೇವೆಯ ಜಾಹೀರಾತಿನಲ್ಲಿ ಎಷ್ಟು ಸಾವಿರ ಪಿನ್‌ಕೋಡಿಗೆ ತಲುಪಿಸುತ್ತೇವೆ ಎಂಬುದು ದೊಡ್ಡದಾಗಿರುತ್ತದೆ. ನೀವು ನೋಡಬೇಕಾದ್ದು ನಿಮ್ಮ ಮನೆಯ ಪಿನ್‌ಕೋಡಿನಿಂದ ಒಯ್ಯುತ್ತಾರೋ ಇಲ್ಲವೋ ಎಂಬುದನ್ನು. ರೈಲಿಲ್ಲದ ಜಿಲ್ಲೆ ನಮ್ಮದು. ಮಡಿಕೇರಿ 571201, ವಿರಾಜಪೇಟೆ 571218 ಎಂದರೆ ಹೂಂ ಎನ್ನುವವರು ಒಳಗಿನ ತೋಟದ ಊರಿನ ಪಿನ್ ಹೇಳಿದಾಗ ಹಿಂಜರಿಯಬಹುದು. ಅಂಚೆ ಕಚೇರಿ ಮಾತ್ರ ಹತ್ತಿರದಲ್ಲೇ ಇರುತ್ತದೆ. ಸ್ಪೀಡ್ ಪೋಸ್ಟಿನ ಟ್ರ್ಯಾಕಿಂಗ್ ನಂಬರನ್ನು ಕೈಯಿಂದ ತುಂಬಿದರೂ ಗಿರಾಕಿಗೆ ತಾನಾಗಿ ಸಂದೇಶ ಹೋಗುವಂತಿದ್ದರೆ, ಆ ಒಂದು ಸೌಲಭ್ಯ ಹತ್ತು ಅಲಂಕಾರಗಳಿಗಿಂತ ಮೇಲು.

ಒಂದೇ ಕಾಫಿ, ಹದಿನೆಂಟು ಸಾಲು

ಕಾಫಿಪುಡಿ ಮಾರುವವರು ತಂತ್ರಾಂಶವನ್ನು ಪರೀಕ್ಷಿಸಬೇಕಾದ ಜಾಗ ಇದು. ಶುದ್ಧ ಕಾಫಿ, 80:20 ಚಿಕೋರಿ, 70:30 ಚಿಕೋರಿ, ಹೀಗೆ ಮೂರು ಬಗೆ. ಹುರಿದ ಬೀಜ, ಫಿಲ್ಟರಿನ ಪುಡಿ, ಫ್ರೆಂಚ್ ಪ್ರೆಸ್ಸಿನ ತರಿಪುಡಿ, ಹೀಗೆ ಮೂರು ರೂಪ. ಕಾಲು ಕಿಲೋ, ಅರ್ಧ ಕಿಲೋ ಎರಡು ಅಳತೆ. ಗುಣಿಸಿದರೆ ಹದಿನೆಂಟು. ಬಹುಪಾಲು ತಂತ್ರಾಂಶಗಳು ಈ ಹದಿನೆಂಟಕ್ಕೂ ಬೇರೆ ಬೇರೆ ದಾಸ್ತಾನು ಕೇಳುತ್ತವೆ. ಮನೆಯಲ್ಲಿರುವುದು ಮಾತ್ರ ಹುರಿದ ಬೀಜದ ಒಂದು ಡಬ್ಬ. ಪ್ರತಿ ಸಾಲಿಗೆ ಹತ್ತು ಹತ್ತು ಎಂದು ತುಂಬಿದರೆ ಇಲ್ಲದ ಕಾಫಿಯನ್ನೂ ಮಾರಿದಂತೆ; ಎರಡೆರಡು ಎಂದು ತುಂಬಿದರೆ, ಬೀಜ ಇದ್ದೂ ಫಿಲ್ಟರ್ ಪುಡಿ ಖಾಲಿ ಎಂದು ತೋರಿಸುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ಹಲವು ಸಾಲುಗಳು ಒಂದೇ ದಾಸ್ತಾನಿನಿಂದ ಕಳೆಯುವಂತೆ ಮಾಡುವ ತಂತ್ರಾಂಶ ಅಥವಾ ಪ್ಲಗಿನ್ ಹುಡುಕುವುದು ಒಂದು. ನನಗೆ ಎರಡನೆಯದೇ ಹಿಡಿಸುತ್ತದೆ: ವಾರಕ್ಕೊಂದು ದಿನ ಹುರಿಯುವುದೆಂದು ನಿಗದಿ ಮಾಡಿ, ಅದರ ಹಿಂದಿನ ದಿನದವರೆಗೆ ಬಂದ ಆರ್ಡರಿಗಷ್ಟೇ ಹುರಿದು ಪುಡಿಮಾಡಿ ಕಳಿಸುವುದು. ಆಗ ರುಬ್ಬುವ ರೂಪವನ್ನು ಬೇರೆ ಸರಕಾಗಿ ಎಣಿಸಬೇಕಿಲ್ಲ. ಗಿರಾಕಿ ತುಂಬುವ ಒಂದು ಆಯ್ಕೆಯಾಗಿ ಇಟ್ಟರೆ ಹದಿನೆಂಟು ಸಾಲು ಆರಕ್ಕೆ ಇಳಿಯುತ್ತದೆ. ಹುರಿದ ದಿನಾಂಕ ಪೊಟ್ಟಣದ ಮೇಲೆ ಬರುತ್ತದೆ, ಪುಡಿ ಘಮ ಕಳೆದುಕೊಳ್ಳುವ ಮೊದಲೇ ಗಿರಾಕಿಯ ಕೈ ಸೇರುತ್ತದೆ. ಚಿಕೋರಿ ಬೆರೆತ ಕಾಫಿಯಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಬೇಕು, ಎರಡರ ಪ್ರಮಾಣವೂ ಪೊಟ್ಟಣದ ಮೇಲೆ ಇರಬೇಕು ಎಂಬುದು ಆಹಾರ ಸುರಕ್ಷತಾ ನಿಯಮ. ಅದನ್ನು ಸರಕಿನ ಪುಟದಲ್ಲೂ ಬರೆಯಿರಿ, ಕೊಳ್ಳುವವರಿಗೆ ಅದು ತಿಳಿಯಬೇಕಾದ ಮಾತು.

ಮಳೆ ಹಿಡಿದಾಗ

2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಬಳಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಇಲ್ಲವಾದದ್ದನ್ನು ಯಾರೂ ಮರೆತಿಲ್ಲ. ಅಷ್ಟು ದೊಡ್ಡ ದುರಂತ ಬೇಡ. ಮಾಮೂಲಿ ಆಟಿ ತಿಂಗಳ ಮಳೆಯಲ್ಲೂ ಮರ ಬಿದ್ದು ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಮುಗಿದರೆ ಸಿಗ್ನಲ್ಲೂ ಹೋಗುತ್ತದೆ. ನಿಮ್ಮ ಅಂಗಡಿಯ ಸರ್ವರ್ ಮುಂಬೈಯಲ್ಲೋ ಸಿಂಗಾಪುರದಲ್ಲೋ ಸುಖವಾಗಿ ಓಡುತ್ತಿರುತ್ತದೆ. ಶನಿವಾರಸಂತೆಯಲ್ಲಿ ಮೂರು ದಿನ ಕತ್ತಲೆಯಿದ್ದರೂ ಅದು ಆರ್ಡರ್ ತೆಗೆದುಕೊಳ್ಳುತ್ತಲೇ, ದುಡ್ಡು ಕಟ್ಟಿಸಿಕೊಳ್ಳುತ್ತಲೇ ಇರುತ್ತದೆ. ಇಂಥ ಹೊತ್ತಿನಲ್ಲಿ ಕಾಯುವುದು ದಾಸ್ತಾನಿನ ಮಿತಿ ಒಂದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ವಾರದಲ್ಲಿ ನಿಜಕ್ಕೂ ಕಳಿಸಬಲ್ಲಷ್ಟನ್ನೇ ದಾಸ್ತಾನೆಂದು ತೋರಿಸಿ. ಅದು ಮುಗಿದ ಕೂಡಲೇ ಅಂಗಡಿ ತಾನಾಗಿ "ಖಾಲಿ" ಎನ್ನಲಿ.

ಜೊತೆಗೆ, ಮೊಬೈಲ್ ಆಪಿನಿಂದಲೇ ಅಂಗಡಿಯನ್ನು ವಿರಾಮಕ್ಕೆ ಹಾಕಲು, ಮುಖಪುಟದಲ್ಲಿ "ಮಳೆಯಿಂದ ತಡವಾಗಬಹುದು" ಎಂಬ ಪಟ್ಟಿ ಹಾಕಲು ಆಗುತ್ತದೆಯೇ ನೋಡಿ. ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದಾಗ ಕೈಯಲ್ಲಿರುವುದು ಫೋನ್ ಮಾತ್ರ. ತಡವಾದರೆ ದೂರು ಬರುವುದೂ ಸಹಜ. ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳು 2020ರಲ್ಲಿ ಬಂದವು. ಅವುಗಳಂತೆ ಇ-ವಾಣಿಜ್ಯ ಸಂಸ್ಥೆಗೆ ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರು ಬಂದ ತಕ್ಷಣ ತಾನಾಗಿ ಸ್ವೀಕೃತಿ ಹೋಗುವ ವ್ಯವಸ್ಥೆ ಮಳೆಗಾಲದಲ್ಲಿ ಬಹಳ ನೆರವಾಗುತ್ತದೆ.

ಮಳೆ ಇರಲಿ, ಇಲ್ಲದಿರಲಿ, ಮನೆಬಾಗಿಲಲ್ಲಿ ನಗದು ಪಾವತಿಯನ್ನು ಸರಕಿಗೆ ತಕ್ಕಂತೆ ನಿಲ್ಲಿಸಲು ಬರಬೇಕು. ಗಿರಾಕಿ ಬೇಡವೆಂದು ಹಿಂದೆ ಕಳಿಸಿದರೆ ಹೋಗುವ ಖರ್ಚೂ ಬರುವ ಖರ್ಚೂ ನಿಮ್ಮದೇ, ಬಾಟಲಿ ಎರಡು ಸಲ ಘಟ್ಟ ಹತ್ತಿಳಿದಿರುತ್ತದೆ.

ಬಿಲ್ಲು, ಲೇಬಲ್ಲು

ಸಣ್ಣ ವ್ಯಾಪಾರಕ್ಕೆ ಜಿಎಸ್‌ಟಿ ವಿನಾಯಿತಿ ಇದೆ, ನಿಜ. ಆದರೆ ಸಾಮಾನ್ಯ ಸರಕನ್ನು ರಾಜ್ಯದಾಚೆ ಮಾರುವವರು ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಮಾಡಿಸಬೇಕು. ಕೊಡಗಿನಂಥ ಗಡಿ ಜಿಲ್ಲೆಯಲ್ಲಿ ಇದು ದೂರದ ಮಾತಲ್ಲ: ಬೆಂಗಳೂರಿನ ಗಿರಾಕಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಕೂಗಳತೆಯ ಕಣ್ಣೂರು, ವಯನಾಡಿನ ಗಿರಾಕಿಗೆ ಐಜಿಎಸ್‌ಟಿ. ವಿಳಾಸ ನೋಡಿ ತಂತ್ರಾಂಶವೇ ಇದನ್ನು ಬೇರ್ಪಡಿಸಬೇಕು. ಹುರಿಯದ ಕಾಫಿ ಬೀಜಕ್ಕೆ ತೆರಿಗೆಯಿಲ್ಲ, ಹುರಿದದ್ದಕ್ಕೆ ಶೇಕಡಾ 5; ಹಾಗಾಗಿ ಸರಕಿಗೊಂದು ದರ ಇಡಲು ಬರಬೇಕು. ವಿದೇಶಿ ತಂತ್ರಾಂಶಗಳಲ್ಲಿ ಬೆಲೆಯ ಮೇಲೆ ಕೊನೆಯಲ್ಲಿ ತೆರಿಗೆ ಸೇರಿಸುವ ಕ್ರಮ ಸಾಮಾನ್ಯ. ನಮ್ಮ ಎಂಆರ್‌ಪಿಯೊಳಗೇ ಎಲ್ಲ ತೆರಿಗೆ ಸೇರಿರುತ್ತದೆ. "ತೆರಿಗೆ ಸೇರಿದ ಬೆಲೆ" ಎಂಬ ಗುರುತನ್ನು ಮೊದಲ ದಿನವೇ ಒತ್ತಿ.

ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ಗ್ರಾಹಕ ಸೇವೆಯ ಸಂಪರ್ಕ ಇವು ಪೊಟ್ಟಣದ ಮೇಲಷ್ಟೇ ಅಲ್ಲ, 2018ರಿಂದ ಆನ್‌ಲೈನ್ ಪುಟದಲ್ಲೂ ಇರಬೇಕು. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಸಂಖ್ಯೆಗೂ ಜಾಗ ಬೇಕು. ಕೂರ್ಗ್ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ; ಆ ಗುರುತನ್ನು ಪುಟದಲ್ಲಿ ಬಳಸುವ ಮುನ್ನ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಿ. ಮನೆಯಲ್ಲಿ ಮಾಡಿದ ವೈನನ್ನಂತೂ ಪಟ್ಟಿಗೆ ಸೇರಿಸಲೇಬೇಡಿ. ಅಬಕಾರಿ ಕಾನೂನಿನ ತೊಡಕಿನ ಜೊತೆಗೆ ಪಾವತಿ ಗೇಟ್‌ವೇ ನಿಮ್ಮ ಇಡೀ ಖಾತೆಯನ್ನೇ ತಡೆಹಿಡಿಯಬಹುದು.

ಇನ್ನೊಂದು ಪರೀಕ್ಷೆ: ಒಂದು ಸರಕಿಗೆ "ಹೆಜ್ಜೇನು" ಎಂದು ಕನ್ನಡದಲ್ಲಿ ಹೆಸರಿಟ್ಟು ಬಿಲ್ಲಿನ ಪಿಡಿಎಫ್ ತೆಗೆಯಿರಿ. ಪರದೆಯಲ್ಲಿ ಚೆನ್ನಾಗಿ ಕಂಡದ್ದು ಬಿಲ್ಲಿನಲ್ಲಿ ಚೌಕಗಳಾಗಿ ಬರುವುದೂ ಒತ್ತಕ್ಷರ ಒಡೆದು ಬರುವುದೂ ಉಂಟು.

ಬಾಡಿಗೆಯೋ, ಸ್ವಂತವೋ

ಈಗ ಹೆಸರುಗಳಿಗೆ ಬರೋಣ. ಕೆನಡಾದ ಶಾಪಿಫೈ, ನಮ್ಮವರದೇ ಆದ ಜೊಹೊ ಕಾಮರ್ಸ್, ಬೆಂಗಳೂರಿನ ಇನ್‌ಸ್ಟಾಮೋಜೊ, ದುಕಾನ್, ಇವು ಬಾಡಿಗೆಯ ಅಂಗಡಿಗಳು. ಸರ್ವರ್, ಸುರಕ್ಷತೆಯ ಚಿಂತೆ ಅವರದು. ವೂಕಾಮರ್ಸ್ 2011ರಲ್ಲಿ ಬಂದದ್ದು, ವರ್ಡ್‌ಪ್ರೆಸ್ ಮೇಲೆ ನಿಲ್ಲುತ್ತದೆ; ತಂತ್ರಾಂಶಕ್ಕೆ ದುಡ್ಡಿಲ್ಲ, ಆದರೆ ಹೋಸ್ಟಿಂಗ್, ಬ್ಯಾಕಪ್, ಪ್ಲಗಿನ್‌ಗಳ ಅಪ್‌ಡೇಟ್ ನೋಡಿಕೊಳ್ಳಲು ಬಲ್ಲವರು ಬೇಕು. ಮನೆಯಲ್ಲಿ ಅಂಥವರಿಲ್ಲದಿದ್ದರೆ ಉಚಿತ ಎಂಬ ಮಾತಿಗೆ ಮರುಳಾಗಬೇಡಿ. ಮಜೆಂಟೊದಂಥ ಭಾರೀ ವ್ಯವಸ್ಥೆ ನಮಗೆ ಬೇಡ. 2019ರ ಮಾರ್ಚ್‌ನಲ್ಲಿ ವಾಣಿಜ್ಯ ಸಚಿವಾಲಯ ಪ್ರಾಯೋಗಿಕವಾಗಿ ತೆರೆದ ಬ್ಲಾಕ್‌ಚೈನ್ ಕಾಫಿ ಮಾರುಕಟ್ಟೆಯೂ ಬೆಳೆಗಾರರನ್ನು ದೊಡ್ಡ ಖರೀದಿದಾರರಿಗೆ ಜೋಡಿಸುವ ಉದ್ದೇಶದ್ದು, ಕಾಲು ಕಿಲೋ ಪುಡಿಗೆ ಅಲ್ಲ.

ಲೆಕ್ಕವನ್ನು ಆರ್ಡರಿಗೆ ಇಳಿಸಿ ನೋಡಿ. ತಿಂಗಳ ಬಾಡಿಗೆ ಎರಡು ಸಾವಿರ ಎಂದಿಟ್ಟುಕೊಂಡರೆ, ಇಪ್ಪತ್ತು ಆರ್ಡರಿರುವವರಿಗೆ ಒಂದೊಂದರ ಮೇಲೆ ನೂರು ರೂಪಾಯಿ. ಇನ್ನೂರು ಆರ್ಡರಿರುವವರಿಗೆ ಹತ್ತು. ಅದರ ಮೇಲೆ ಗೇಟ್‌ವೇ ಶುಲ್ಕ ಸಾಮಾನ್ಯವಾಗಿ ಶೇಕಡಾ 2, ಆ ಶುಲ್ಕಕ್ಕೆ ಶೇಕಡಾ 18 ಜಿಎಸ್‌ಟಿ: 600 ರೂಪಾಯಿಯ ಆರ್ಡರಿಗೆ ಹದಿನಾಲ್ಕು ರೂಪಾಯಿ ಚಿಲ್ಲರೆ. ಶಾಪಿಫೈನ ಸ್ವಂತ ಪಾವತಿ ಸೇವೆ ಭಾರತದಲ್ಲಿಲ್ಲ. ಬೇರೆ ಗೇಟ್‌ವೇ ಬಳಸಿದ್ದಕ್ಕೆ ಬೇಸಿಕ್ ಯೋಜನೆಯಲ್ಲಿ ಅದು ತನ್ನದೇ ಶೇಕಡಾ 2 ಹಿಡಿಯುತ್ತದೆ. ಯುಪಿಐ ಮೇಲೆ ವ್ಯಾಪಾರಿ ಶುಲ್ಕ ಇರಬಾರದೆಂಬ ನಿಯಮ 2020ರ ಜನವರಿಯಿಂದ ಇದ್ದರೂ ಗೇಟ್‌ವೇಗಳು ಸೇವಾಶುಲ್ಕ ಹಾಕಬಹುದು, ಒಪ್ಪಂದದ ಆ ಸಾಲನ್ನು ಬಿಡದೆ ಓದಿ. ತಿಂಗಳಿಗೆ ಇಪ್ಪತ್ತರ ಆಸುಪಾಸಿನಲ್ಲಿರುವವರು ವಾಟ್ಸಾಪ್ ಬಿಸಿನೆಸ್ಸಿನ ಕ್ಯಾಟಲಾಗು ಮತ್ತು ಒಂದು ಪಾವತಿ ಲಿಂಕಿನಲ್ಲೇ ಇನ್ನೊಂದು ವರ್ಷ ನಡೆಸುವುದು ಜಾಣತನ.

ಅಮೆಜಾನ್, ಫ್ಲಿಪ್‌ಕಾರ್ಟ್‌ನಲ್ಲಿ ಮಾರಿದರೆ ಹೊಸ ಗಿರಾಕಿ ಸಿಗುತ್ತಾರೆ, ಆದರೆ ಅವರು ಆ ಸಂತೆಯ ಗಿರಾಕಿಗಳು; ಮರುಸಲ ನೇರವಾಗಿ ಮಾತಾಡಿಸಲು ಫೋನ್ ನಂಬರು ನಿಮ್ಮ ಪುಸ್ತಕಕ್ಕೆ ಬರುವುದಿಲ್ಲ. ಕೊಡಗಿನ ಅಂಗಡಿಯ ಜೀವ ಇರುವುದು ಎರಡನೇ ಆರ್ಡರಿನಲ್ಲಿ, ಒಮ್ಮೆ ಬಂದು ಹೋದವರು ಮತ್ತೆ ಕೇಳುವುದರಲ್ಲಿ. ಹಾಗಾಗಿ ವೆಬ್ ವಿಳಾಸವನ್ನು ತಂತ್ರಾಂಶದವರಿಂದ ಪಡೆಯದೆ ಬೇರೆ ಕಡೆ ನಿಮ್ಮ ಹೆಸರಿನಲ್ಲೇ ನೋಂದಾಯಿಸಿ. ಮಾಡಿಕೊಟ್ಟ ಹುಡುಗನ ಹೆಸರಿನಲ್ಲೂ ಬೇಡ. ವರ್ಷದ ಚಂದಾ ಕಟ್ಟುವ ಮುನ್ನ, ಉಚಿತ ಪ್ರಯೋಗದ ಅವಧಿಯಲ್ಲೇ, ಪರಿಚಯದ ನಾಲ್ಕೈದು ಜನರಿಂದ ನಿಜವಾದ ಆರ್ಡರ್ ಹಾಕಿಸಿ. ಒಂದು ಕೇರಳದ್ದಿರಲಿ, ಒಂದು ಕನ್ನಡದಲ್ಲಿ ಬರೆದ ವಿಳಾಸವಿರಲಿ, ಒಂದನ್ನು ರದ್ದುಮಾಡಿ ದುಡ್ಡು ವಾಪಸು ಕೊಡಿ. ಆಮೇಲೆ ಗಿರಾಕಿಗಳ, ಆರ್ಡರುಗಳ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಂಡು ತೆರೆದು ನೋಡಿ: ಕನ್ನಡ ಅಕ್ಷರ ಕೆಟ್ಟಿಲ್ಲವೇ, ಫೋನ್ ನಂಬರು ಪೂರ್ತಿ ಇದೆಯೇ, ಯಾರು ಏನು ಕೊಂಡರೆಂಬುದು ಅದರಲ್ಲಿ ಬಂದಿದೆಯೇ. ಬಂದಿದ್ದರೆ ಚಂದಾ ಕಟ್ಟಿ, ಮೊದಲು ಮೂರು ತಿಂಗಳಿಗೆ.