ಚಳಿಗಾಲದ ಒಲೆಯ ಬಿಸಿ: ಬರೆದಿಡೋಣ, ಹಂಚಿಕೊಳ್ಳೋಣ

ಡಿಸೆಂಬರ್ ತಿಂಗಳು ಕಾಲಿಟ್ಟೊಡನೆ ನಮ್ಮ ನಾಡಿನ ಮುಂಜಾವಿನ ಮುಖವೇ ಬದಲಾಗುತ್ತದೆ. ಮಲೆನಾಡಿನ ತೋಟಗಳಲ್ಲಿ ಕಾಫಿ ಹಣ್ಣು ಬಿಡಿಸುವವರ ಸೆರಗು ಇಬ್ಬನಿಯಲ್ಲಿ ತೊಯ್ಯುತ್ತದೆ. ಬೀದರ, ವಿಜಯಪುರಗಳ ಕಡೆ ಒಣಚಳಿಗೆ ತುಟಿ ಒಡೆಯುತ್ತದೆ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿದ್ದುದು ದಾಖಲೆಯಲ್ಲಿದೆ. ಹಿಮ ಸುರಿಯುವ ದೇಶಗಳವರಿಗೆ ಇದು ಚಳಿಯೆಂದೇ ತೋರಲಾರದು. ಆದರೆ ಹಂಚಿನ ಸಂದಿಯಿಂದ ಗಾಳಿ ನುಗ್ಗುವ ಮನೆಯಲ್ಲಿ, ಒಂದೇ ಕಂಬಳಿಯನ್ನು ಎರಡಾಗಿ ಮಡಿಸಿ ಹೊದ್ದು ಮಲಗುವ ವೃದ್ಧರಿಗೆ ಇದು ಸಣ್ಣ ಚಳಿಯೇನೂ ಅಲ್ಲ. ಅಂಥವರಿಗಾಗಿ ನಮ್ಮ ಹಿರಿಯರು ಕಂಡುಕೊಂಡಿದ್ದ ಉಪಾಯ ಅಡುಗೆಮನೆಯಲ್ಲಿತ್ತು. ಅದು ಬಿಸಿಬಿಸಿಯಾದ ಸಾರು, ಗಂಜಿ, ಕಷಾಯ.

ಈ ತಿಂಗಳಿನಲ್ಲಿಯೇ ಕ್ರಿಸ್ತಜಯಂತಿಯ ಸಿದ್ಧತೆಯೂ ನಡೆಯುತ್ತದೆ. ಕರಾವಳಿಯ ಮನೆಗಳಲ್ಲಿ ಕುಸ್ವಾರ್‌ನ ಡಬ್ಬಗಳು ತುಂಬುತ್ತವೆ. ಹಳೆಯ ಮೈಸೂರು ಸೀಮೆಯಲ್ಲಿ ಕಜ್ಜಾಯ, ಚಕ್ಕುಲಿ, ಕರಿಗಡುಬುಗಳ ಪರಿಮಳ ಬೀದಿಗೆಲ್ಲ ಹರಡುತ್ತದೆ. ಮಕ್ಕಳು ತಟ್ಟೆಗೆ ಬಟ್ಟೆ ಮುಚ್ಚಿ ನೆರೆಮನೆಗಳಿಗೆ ಕೊಂಡೊಯ್ಯುತ್ತಾರೆ. ಇದು ಶ್ಲಾಘನೀಯವಾದ ಪದ್ಧತಿ. ಆದರೆ ಒಂದು ಸಂಗತಿಯನ್ನು ನಾವು ಗಮನಿಸಬೇಕು. ಹಬ್ಬದ ತಿಂಡಿಯನ್ನು ಹಂಚುವ ನಾವು ಚಳಿಗಾಲದ ನಿತ್ಯದ ಅಡುಗೆಯನ್ನು ಹಂಚುವುದಿಲ್ಲ. ಹಬ್ಬದ ತಿಂಡಿಯ ವಿಧಾನವನ್ನು ನೋಟುಪುಸ್ತಕದಲ್ಲಿ ಬರೆದಿಡುವ ನಾವು ಅಜ್ಜಿಯ ಹುರಳಿ ಸಾರನ್ನು ಬರೆದಿಡುವುದಿಲ್ಲ. ಹುರಳಿ ಎತ್ತಿಗೂ ಕುದುರೆಗೂ ಹಾಕುವ ಕಾಳು, ಗಂಜಿ ಬಡವನ ಊಟ, ಅತಿಥಿಯ ಮುಂದೆ ಇಡತಕ್ಕದ್ದಲ್ಲ ಎಂಬ ಸಂಕೋಚವು ನಮ್ಮಲ್ಲಿ ಬಹುಕಾಲದಿಂದ ಮನೆಮಾಡಿದೆ.

ಈ ಸಂಕೋಚದ ಬೆಲೆಯನ್ನು ಎರಡು ಕಡೆ ತೆರುತ್ತಿದ್ದೇವೆ. ಮೊದಲನೆಯದು, ವೃದ್ಧರಿರುವ ಮನೆಗಳಲ್ಲಿ. ಮಕ್ಕಳು ಬೆಂಗಳೂರಿಗೋ ಗಲ್ಫ್ ದೇಶಗಳಿಗೋ ಹೋಗಿ ನೆಲಸಿದ ಮೇಲೆ, ಹತ್ತು ಮಂದಿಗೆ ಉರಿದ ಒಲೆ ಒಬ್ಬರಿಗಾಗಿ ಉರಿಯಬೇಕಾಗಿದೆ. ಒಬ್ಬರಿಗಾಗಿ ಅಡುಗೆ ಮಾಡಲು ಯಾರಿಗೂ ಉತ್ಸಾಹವಿರುವುದಿಲ್ಲ. ಹೀಗಾಗಿ ಟೀ, ಬನ್ನು, ಬಿಸ್ಕತ್ತುಗಳಲ್ಲೇ ಎಷ್ಟೋ ಸಂಜೆಗಳು ಕಳೆದುಹೋಗುತ್ತವೆ. ಎರಡನೆಯದು, ಹಿರಿಯರು ಕಣ್ಮುಚ್ಚಿದ ಮನೆಗಳಲ್ಲಿ. ತಾಯಿಯನ್ನು ಮಣ್ಣುಮಾಡಿ ಬಂದ ಮಗಳು, "ಅಮ್ಮನ ಕೈಯ ಸಾರನ್ನು ನಾನು ಕಲಿಯಲೇ ಇಲ್ಲ, ಸ್ವಾಮಿ" ಎಂದು ಹೇಳುವುದನ್ನು ಕೇಳಿದ್ದೇನೆ. ಮನೆ, ಹೊಲ, ಒಡವೆಗಳಿಗೆ ಉಯಿಲು ಬರೆಯುವ ನಾವು ಈ ಆಸ್ತಿಗೆ ಉಯಿಲು ಬರೆಯುವುದೇ ಇಲ್ಲ.

ಅಡುಗೆಯನ್ನು ಬರೆಯುವುದು ಸುಲಭವೇ ಎಂದು ನೀವು ಕೇಳಬಹುದು. ಖಂಡಿತವಾಗಿಯೂ ಸುಲಭವಲ್ಲ. ಅಜ್ಜಿಯನ್ನು ಅಳತೆ ಕೇಳಿದರೆ, "ಒಂದು ಹಿಡಿ ಹಾಕು, ಸಾಕೆನಿಸಿದಾಗ ನಿಲ್ಲಿಸು" ಎನ್ನುತ್ತಾಳೆ. ಗ್ರೀಸಿನ ತತ್ತ್ವಜ್ಞಾನಿ ಅರಿಸ್ಟಾಟಲನು ಕೆಲವು ವಿದ್ಯೆಗಳು ಮಾಡುತ್ತ ಮಾಡುತ್ತಲೇ ಕೈಗೂಡತಕ್ಕವು ಎಂದು ಗುರುತಿಸಿದ್ದನು. ಪಾಕವಿದ್ಯೆ ಅಂಥದು. ಆದುದರಿಂದ ಅದನ್ನು ಕಲಿಯಲು ಪುಸ್ತಕದ ಜೊತೆಗೆ ಒಲೆಯ ಪಕ್ಕದಲ್ಲಿ ಒಂದು ಗಂಟೆ ನಿಲ್ಲುವ ತಾಳ್ಮೆಯೂ ಬೇಕು. ಅಜ್ಜಿ ಹಿಡಿಯಲ್ಲಿ ಎತ್ತಿಕೊಂಡದ್ದನ್ನು ಪಾತ್ರೆಗೆ ಬೀಳುವ ಮುನ್ನ ಲೋಟದಲ್ಲೋ ಚಮಚದಲ್ಲೋ ಅಳೆದು ಬರೆದುಕೊಳ್ಳುವುದೇ ಅತ್ಯುತ್ತಮ ಮಾರ್ಗ. ಹಾಗೆ ಅಳೆದ ಮೂರು ಅಡುಗೆಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ಹುರಳಿಕಟ್ಟಿನ ಸಾರು

ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ಹುರಳಿಯನ್ನು ಕಲ್ಲು ಆರಿಸಿ, ತೊಳೆದು, ರಾತ್ರಿಯೇ ನೆನೆಹಾಕಬೇಕು. ಬೆಳಿಗ್ಗೆ 8 ಲೋಟ ನೀರಿನಲ್ಲಿ ಕಾಳು ಮೆತ್ತಗಾಗುವವರೆಗೆ ಬೇಯಿಸಬೇಕು. ಕುಕ್ಕರಿನಲ್ಲಾದರೆ 6 ಕೂಗು ಸಾಕು. ನೀರನ್ನು ಬಸಿದುಕೊಳ್ಳಿ. ಕಂದುಬಣ್ಣದ ಈ ನೀರೇ ಕಟ್ಟು. ಒಂದು ಈರುಳ್ಳಿ, 8 ಎಸಳು ಬೆಳ್ಳುಳ್ಳಿ, 4 ಒಣಮೆಣಸಿನಕಾಯಿ, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದೊಂದು ಸಣ್ಣ ಚಮಚ ಜೀರಿಗೆ ಮತ್ತು ಕಾಳುಮೆಣಸನ್ನು ಸ್ವಲ್ಪವೇ ಎಣ್ಣೆಯಲ್ಲಿ ಹುರಿದು, ಬೆಂದ ಹುರಳಿ ಎರಡು ಚಮಚ ಸೇರಿಸಿ ನುಣ್ಣಗೆ ರುಬ್ಬಬೇಕು. ಈ ಮಸಾಲೆಯನ್ನು ಕಟ್ಟಿಗೆ ಬೆರೆಸಿ, ಅರ್ಧ ನಿಂಬೆಗಾತ್ರದ ಹುಣಸೆಹಣ್ಣಿನ ರಸ ಮತ್ತು ಉಪ್ಪು ಹಾಕಿ 10 ನಿಮಿಷ ಕುದಿಸಿ. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಆರು ಮಂದಿಗೆ ಸಾಕಾಗುವ ಸಾರು ಸಿದ್ಧ. ಉಳಿದ ಕಾಳಿಗೆ ತೆಂಗಿನತುರಿ ಹಾಕಿ ಪಲ್ಯ ಮಾಡಬಹುದು. ಒಂದೇ ಕಾಳಿನಿಂದ ಎರಡು ಪದಾರ್ಥ ಹೊರಡಿಸುವ ಈ ಜಾಣ್ಮೆ ಬಡತನವು ಕಲಿಸಿದ ಪಾಠ. ಅದಕ್ಕೆ ನಾಚಬೇಕಾದ ಕಾರಣವೇನೂ ಇಲ್ಲ. ಈ ಸಾರು ಮಾರನೆಯ ದಿನ ಇನ್ನಷ್ಟು ರುಚಿಯಾಗುತ್ತದೆಂಬುದು ಗೃಹಿಣಿಯರ ಅನುಭವ.

ಮೆಣಸು ಜೀರಿಗೆಯ ಗಂಜಿ

ಕುಚ್ಚಲಕ್ಕಿಯ ಗಂಜಿ ಕರಾವಳಿಯ ಕೊಂಕಣಿ ಮನೆಗಳಲ್ಲಿ 'ಪೇಜ್' ಎನಿಸಿಕೊಳ್ಳುತ್ತದೆ. ಅರ್ಧ ಲೋಟ ಅಕ್ಕಿಯನ್ನು ತೊಳೆದು, 5 ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಬೇಕು. ಅಗುಳು ಒಡೆದು, ತಿಳಿ ಮಂದವಾದಾಗ ಅರ್ಧ ಸಣ್ಣ ಚಮಚ ಕಾಳುಮೆಣಸು, ಒಂದು ಸಣ್ಣ ಚಮಚ ಜೀರಿಗೆ ಮತ್ತು ಬೆರಳ ತುದಿಯಷ್ಟು ಶುಂಠಿಯನ್ನು ಜಜ್ಜಿ ಹಾಕಿ, ಉಪ್ಪು ಬೆರೆಸಿ, ಐದು ನಿಮಿಷ ಮುಚ್ಚಿಡಬೇಕು. ಇಬ್ಬರಿಗೆ ಇದು ಸಾಕು. ಬೇಕೆನಿಸಿದರೆ ಕೊನೆಯಲ್ಲಿ ಅರ್ಧ ಲೋಟ ತೆಂಗಿನ ಹಾಲನ್ನು ಬೆರೆಸಬಹುದು. ಮಕ್ಕಳಿಗಾದರೆ ಮೆಣಸನ್ನು ಕಡಿಮೆ ಮಾಡಬೇಕು.

ಈ ಸರಳ ಆಹಾರಕ್ಕೆ ದೀರ್ಘವಾದ ಇತಿಹಾಸವಿದೆ. ಗೋವೆಯಲ್ಲಿ ನೆಲಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ಡ ಓರ್ಟಾ 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಗ್ರಂಥದಲ್ಲಿ, ಇಲ್ಲಿನ ಜನರು ರೋಗಿಗೆ ಮೆಣಸು ಜೀರಿಗೆ ಬೆರೆಸಿದ ಅಕ್ಕಿಯ ತಿಳಿಯನ್ನು ಕುಡಿಸುವುದನ್ನು ದಾಖಲಿಸಿದ್ದಾನೆ. ಅದರ ಹೆಸರನ್ನು ಆತ 'ಕಾಂಜೆ' ಎಂದು ಬರೆದಿದ್ದಾನೆ. ನಮ್ಮ ಗಂಜಿಯೇ ಅದು. ಇದೇ ಪದ 'ಕಾಂಜ' ಎಂದಾಗಿ ಪೋರ್ಚುಗಲ್ಲಿಗೂ ಬ್ರೆಜಿಲ್ಲಿಗೂ ಪ್ರಯಾಣಿಸಿತು. ಇಂದಿಗೂ ಅಲ್ಲಿನ ಮನೆಗಳಲ್ಲಿ ಚಳಿಯಲ್ಲಿ ನಡುಗುವವರಿಗೂ ಕಾಯಿಲೆಯಿಂದ ಏಳುವವರಿಗೂ ಅಕ್ಕಿ ಹಾಕಿ ಬೇಯಿಸಿದ ಕೋಳಿಯ ಕಾಂಜವನ್ನು ಕೊಡುತ್ತಾರೆ. ಬಡವರ ಊಟವೆಂದು ನಾವು ಬಚ್ಚಿಟ್ಟ ಗಂಜಿ ಸಮುದ್ರಗಳನ್ನು ದಾಟಿ ಪರದೇಶಗಳಲ್ಲಿ ಗೌರವದ ಸ್ಥಾನ ಪಡೆದಿದೆ.

ಗಂಜಿಗೆ ಬಿಸಿಯ ಅನುಭವ ನೀಡುವ ಕಾಳುಮೆಣಸಿನ ಕಥೆಯೂ ಸ್ವಾರಸ್ಯಕರ. ಅದು ನಮ್ಮ ಪಶ್ಚಿಮಘಟ್ಟಗಳಲ್ಲೇ ಹುಟ್ಟಿದ ಬಳ್ಳಿ. 1498ರಲ್ಲಿ ವಾಸ್ಕೊ ಡ ಗಾಮನನ್ನು ಕಲ್ಲಿಕೋಟೆಯ ದಡಕ್ಕೆ ಕರೆತಂದ ಆಕರ್ಷಣೆಗಳಲ್ಲಿ ಅದೂ ಒಂದು. ಆ ಮೇಲೆ ಪೋರ್ಚುಗೀಸರು ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಇಲ್ಲಿಗೆ ತಂದರು. ಹೊಸಬನಿಗೆ ಹಳಬನ ಹೆಸರೇ ಅಂಟಿಕೊಂಡಿತು. ಹಳಬನನ್ನು ಬೇರೆಯಾಗಿ ಗುರುತಿಸಲು ಕರಿಮೆಣಸು, ಕಾಳುಮೆಣಸು ಎನ್ನಬೇಕಾಯಿತು. ಕರಾವಳಿ, ಮಲೆನಾಡುಗಳ ಜನರು ಅಭಿಮಾನದಿಂದ 'ಒಳ್ಳೆಮೆಣಸು' ಎಂದರು. ಅದರಲ್ಲಿರುವ ಪೈಪರೀನ್ ಎಂಬ ಅಂಶವು ಶಾಖವನ್ನು ಗುರುತಿಸುವ ನರತಂತುಗಳನ್ನೇ ಪ್ರಚೋದಿಸುತ್ತದೆಂದು ವಿಜ್ಞಾನವು ತಿಳಿಸುತ್ತದೆ. ಮೆಣಸು ತಿಂದರೆ ಮೈ ಬಿಸಿಯಾಯಿತೆಂದು ಅಜ್ಜಿ ಹೇಳುತ್ತಿದ್ದುದು ಬರಿಯ ನಂಬಿಕೆಯಾಗಿರಲಿಲ್ಲ.

ರಾಗಿ ಗಂಜಿ

ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾರದವರಿಗೆ ಇದು ಅನುಕೂಲ. ಮೂರು ದೊಡ್ಡ ಚಮಚ ರಾಗಿಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿಕೊಳ್ಳಬೇಕು. ಬಿಸಿನೀರಿಗೆ ನೇರವಾಗಿ ಹಿಟ್ಟು ಸುರಿದರೆ ಹೊರಪದರ ಒಡನೆಯೇ ಬೆಂದು ಅಂಟಾಗಿ, ಒಳಗೆ ಒಣಹಿಟ್ಟು ಉಳಿಯುತ್ತದೆ. ಗಂಟು ಕಟ್ಟುವುದು ಇದರಿಂದಲೇ. ಎರಡು ಲೋಟ ಕುದಿಯುವ ನೀರಿಗೆ ಕದಡಿದ ಹಿಟ್ಟನ್ನು ಹಾಕಿ, ಕೈಬಿಡದೆ 8ರಿಂದ 10 ನಿಮಿಷ ತಿರುವಿದರೆ ಹಸಿವಾಸನೆ ಹೋಗಿ ಹೊಳಪು ಬರುತ್ತದೆ. ಬೆಳಿಗ್ಗೆ ಬೆಲ್ಲ, ಹಾಲು, ಏಲಕ್ಕಿ ಸೇರಿಸಿ ಕುಡಿಯಬಹುದು. ಸಂಜೆ ಉಪ್ಪು, ಹುರಿದು ಪುಡಿಮಾಡಿದ ಜೀರಿಗೆ, ಒಂದು ಎಸಳು ಬೆಳ್ಳುಳ್ಳಿ ಹಿತವಾಗಿರುತ್ತವೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಅಕ್ಕಿ, ಗೋಧಿಗಳಲ್ಲಿ ಅದರ ಸಣ್ಣ ಭಾಗವಷ್ಟೇ ಇದೆ. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಪಟ್ಟಣದ ಅಂಗಡಿಗಳಲ್ಲಿ ರಾಗಿಗೆ ಹೊಸ ಮರ್ಯಾದೆ ಬಂದಿದೆ. ರೈತನ ಮನೆಯಲ್ಲಿ ಅದಕ್ಕೆ ಮರ್ಯಾದೆ ಎಂದೂ ತಪ್ಪಿರಲಿಲ್ಲ.

ಎಲ್ಲರೂ ಕೂಡಿ ಮಾಡುವ ಅಡುಗೆ

ಚಳಿಗಾಲದ ಅಡುಗೆಗಳಲ್ಲಿ ಅವರೆಕಾಯಿಗೆ ವಿಶೇಷ ಸ್ಥಾನವಿದೆ. ಮಾಗಡಿ, ಕೋಲಾರಗಳ ಕಡೆಯಿಂದ ಡಿಸೆಂಬರ್, ಜನವರಿಯಲ್ಲಿ ಬರುವ ಸೊಗಡಿನ ಅವರೆಗೆ ಇಬ್ಬನಿ ಬಿದ್ದಷ್ಟೂ ಘಮಲು ಹೆಚ್ಚೆಂದು ರೈತರು ಹೇಳುತ್ತಾರೆ. ಕಾಳನ್ನು ನೆನೆಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಹೊರಗೆ ಜಾರುತ್ತದೆ. ಇದೇ ಹಿತಕಿದ ಬೇಳೆ. ಇದರ ಸಾರಿನ ರುಚಿಯನ್ನು ಹೊಗಳುವವರು ಬಹಳ ಮಂದಿ, ಆದರೆ ಒಬ್ಬರೇ ಕುಳಿತು ಹಿತುಕುವುದು ಬೇಸರದ ಕೆಲಸ. ನಾಲ್ಕು ಮಂದಿ ಕುಳಿತರೆ ಅದೇ ಕೆಲಸ ಮಾತಿನಲ್ಲಿ ಮುಗಿದುಹೋಗುತ್ತದೆ. ಅಜ್ಜಿ, ಸೊಸೆ, ಮೊಮ್ಮಕ್ಕಳು, ಪಕ್ಕದ ಮನೆಯ ಅಕ್ಕ ಒಂದು ಬೋಗುಣಿಯ ಸುತ್ತ ಕುಳಿತರೆ ಮನೆಯ ಚರಿತ್ರೆಯೆಲ್ಲ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಒಂಟಿಯಾಗಿರುವ ಹಿರಿಯರನ್ನು ಕರೆದು ಕೂರಿಸಿಕೊಳ್ಳಲು ಇದಕ್ಕಿಂತ ಸಹಜವಾದ ನೆಪ ಇನ್ನೊಂದಿಲ್ಲ. ದಾನ ಪಡೆಯುತ್ತಿದ್ದೇನೆಂಬ ಮುಜುಗರ ಅವರಿಗೆ ಆಗುವುದಿಲ್ಲ. ಅವರೂ ಕೆಲಸ ಮಾಡಿ ಉಂಡವರೇ ಆಗುತ್ತಾರೆ.

ಕೆಲವು ಎಚ್ಚರಿಕೆಗಳು

ಅಡುಗೆ ಔಷಧಿಯಲ್ಲ. ಬಿಸಿ ಸಾರು ಗಂಟಲಿಗೆ ಹಿತ ನೀಡೀತು, ಆದರೆ ಬಿಡದ ಜ್ವರಕ್ಕೂ ಉಬ್ಬಸಕ್ಕೂ ವೈದ್ಯರಲ್ಲಿಗೆ ಹೋಗಲೇಬೇಕು. ರಕ್ತದೊತ್ತಡವಿರುವವರಿಗೆ ಗಂಜಿಯ ಜೊತೆ ಉಪ್ಪಿನಕಾಯಿ, ಹಪ್ಪಳ, ಒಣಮೀನು ಮಿತವಾಗಿರಬೇಕು. ಮಧುಮೇಹಿಗಳು ಗಂಜಿ ಮತ್ತು ಬೆಲ್ಲದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ಚಳಿಯಲ್ಲಿ ನೀರು ಕುಡಿಯುವುದು ಇನ್ನೂ ಕಡಿಮೆಯಾಗುತ್ತದೆ. ತಿಳಿಸಾರು, ಗಂಜಿಗಳು ದೇಹಕ್ಕೆ ನೀರನ್ನೂ ಒದಗಿಸುತ್ತವೆಂಬುದನ್ನು ಹಿರಿಯರನ್ನು ನೋಡಿಕೊಳ್ಳುವವರು ನೆನಪಿಡಬೇಕು.

ಹಂಚಿಕೊಳ್ಳುವ ವಸ್ತುಗಳಲ್ಲಿ ಎರಡು ಬಗೆಯಿದೆ. ಪಾತ್ರೆಯಲ್ಲಿರುವ ಸಾರನ್ನು ಹಂಚಿದರೆ ನಮ್ಮ ಪಾಲು ಕಡಿಮೆಯಾಗುತ್ತದೆ. ಸಾರು ಮಾಡುವ ವಿಧಾನವನ್ನು ಹಂಚಿದರೆ ಏನೂ ಕಡಿಮೆಯಾಗುವುದಿಲ್ಲ. ಕೊಟ್ಟರೂ ಕುಂದದ ವಸ್ತುವನ್ನು ಕೊಡದೆ ಇಟ್ಟುಕೊಂಡವನು ಅದನ್ನು ಸರಿಯಾಗಿ ಪಡೆದವನೇ ಅಲ್ಲವೆಂಬ ವಿಚಾರವನ್ನು ಸಂತ ಅಗಸ್ಟೀನರು ಹದಿನಾರು ಶತಮಾನಗಳ ಹಿಂದೆಯೇ ಮುಂದಿಟ್ಟಿದ್ದರು. ಕುಸ್ವಾರ್‌ನ ಗುಟ್ಟನ್ನು ನೆರೆಯವರಿಗೆ ಹೇಳದೆ ಕಾಪಾಡುವ ಕುಟುಂಬಗಳು ಇದನ್ನು ಸ್ವಲ್ಪ ಯೋಚಿಸಬಹುದು. ಆದರೆ ವಿಧಾನವನ್ನಷ್ಟೇ ಹಂಚಿ ಸುಮ್ಮನಿರುವುದೂ ಸಾಲದು. ಕೈ ನಡುಗುವ ಮುದುಕನಿಗೆ ಕಾಗದದ ಮೇಲಿನ ಹುರಳಿ ಸಾರಿನಿಂದ ಏನು ಪ್ರಯೋಜನ? ಅವನಿಗೆ ಬೇಕಾದದ್ದು ಪಾತ್ರೆಯಲ್ಲಿರುವ ಸಾರು. ಸಾವಿನ ಮನೆಯಲ್ಲಿ ಒಲೆ ಹಚ್ಚದ ದಿನ ನೆರೆಯವರು ಊಟ ತರುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಸಾವಿಗಾಗಿ ಕಾಯದೆ, ಬದುಕಿರುವಾಗಲೇ ಆ ಪಾತ್ರೆಯನ್ನು ಕೊಂಡೊಯ್ಯಬಾರದೇಕೆ?

ಆದುದರಿಂದ ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಈ ಆಗಮನ ಕಾಲದಲ್ಲಿ ನಿಮ್ಮ ಮನೆಯ ಹಿರಿಯರ ಒಂದು ಚಳಿಗಾಲದ ಅಡುಗೆಯನ್ನು ಅಳತೆಯೊಡನೆ ಬರೆದುಕೊಳ್ಳಿರಿ. ಅದನ್ನು ಯಾರಿಂದ ಕಲಿತರೆಂಬುದನ್ನೂ ಕೆಳಗೆ ನಮೂದಿಸಿರಿ. ಗಂಡುಮಕ್ಕಳೂ ಕಲಿಯಲಿ, ದೂರದ ಊರಿನಲ್ಲಿ ಕೋಣೆ ಮಾಡಿಕೊಂಡಿರುವವರಿಗೆ ಇದರ ಅಗತ್ಯ ಹೆಚ್ಚು. ಬರೆದದ್ದರ ಒಂದು ಪ್ರತಿ ನೆರೆಮನೆಗೆ ಹೋಗಲಿ. ವಾರಕ್ಕೊಮ್ಮೆಯಾದರೂ, ಬೀದಿಯ ಕೊನೆಯಲ್ಲಿ ದೀಪ ಬೇಗನೆ ಆರುವ ಮನೆಗೆ ಒಂದು ಮುಚ್ಚಿದ ಪಾತ್ರೆ ಹೋಗಲಿ. ಪಾತ್ರೆ ಕೊಟ್ಟು ಬಾಗಿಲಿನಿಂದಲೇ ಹಿಂದಿರುಗದೆ, ಅವರು ಉಂಡು ಮುಗಿಸುವವರೆಗೆ ಹತ್ತು ನಿಮಿಷ ಕುಳಿತು ಬನ್ನಿರಿ. ಚಳಿಗೆ ಸಾರು ಸಾಕು. ಒಂಟಿತನಕ್ಕೆ ಆ ಹತ್ತು ನಿಮಿಷವೂ ಬೇಕು.