ಕಿವಿಗೆ ಕೂರದ ಇಯರ್‌ಫೋನಿಗೆ ಬೆಲೆ ಎಷ್ಟಿದ್ದರೇನು?

ಚಳ್ಳಕೆರೆಯಲ್ಲೋ ಮೊಳಕಾಲ್ಮೂರಿನಲ್ಲೋ ಇದ್ದುಕೊಂಡು ಇಪ್ಪತ್ತು ಸಾವಿರ ರೂಪಾಯಿಯ ಇಯರ್‌ಫೋನ್ ಕೊಳ್ಳಹೊರಟವರು ಬಹುತೇಕ ಅದನ್ನು ಒಮ್ಮೆಯೂ ಕಿವಿಗೆ ಹಾಕಿ ನೋಡದೆ ಆನ್‌ಲೈನಿನಲ್ಲೇ ತರಿಸಬೇಕಾಗುತ್ತದೆ. ಆಗ ಹೋಲಿಸಲು ಸಿಗುವುದು ಬೆಲೆ, ಮತ್ತು ಒಳಗೆ ಸದ್ದು ಹೊರಡಿಸುವ ಡ್ರೈವರ್‌ಗಳು ಎಷ್ಟಿವೆ ಎಂಬ ಲೆಕ್ಕ. ಧ್ವನಿ ಹೇಗಿದೆ ಎಂಬುದನ್ನು ಇವೆರಡೂ ಹೇಳುವುದಿಲ್ಲ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಅವುಗಳ ಬೆಲೆಯ ಪಕ್ಕದಲ್ಲಿಟ್ಟು ನೋಡಿದರು. ಮಂದ್ರದಿಂದ ತಾರದವರೆಗೆ ಯಾವ ಸ್ವರ ಎಷ್ಟು ಜೋರಾಗಿ ಹೊರಡುತ್ತದೆ ಎಂಬುದಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಹಾಗಾಗಿ ಮೊದಲು ನೋಡಬೇಕಾದದ್ದು ತುದಿಯ ರಬ್ಬರ್ ಟಿಪ್ ನಮ್ಮ ಕಿವಿಗೆ ಬಿಗಿಯಾಗಿ ಕೂರುತ್ತದೆಯೇ ಎಂಬುದನ್ನು. ಉಳಿದದ್ದೆಲ್ಲ ಆಮೇಲೆ.

ಇದಕ್ಕೆ ಕಾರಣ ಕಿವಿಯ ರಚನೆಯಲ್ಲೇ ಇದೆ. ಕಿವಿಯ ಕಾಲುವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಕೊಳಲಿನಂತೆ ಅದಕ್ಕೂ ತನ್ನದೇ ಅನುರಣನವಿದ್ದು, 3,000 ಹರ್ಟ್ಸ್‌ನ ಆಸುಪಾಸಿನ ಸದ್ದನ್ನು ಹಿಗ್ಗಿಸುತ್ತದೆ. ಇಯರ್‌ಫೋನ್ ತುರುಕಿದೊಡನೆ ಕೊಳವೆಯ ತೆರೆದ ಬಾಯಿಯೂ ಮುಚ್ಚಿ ಆ ಸಹಜ ಅನುರಣನ ಕೆಡುತ್ತದೆ. ತಯಾರಕರು ಅದನ್ನು ಸಾಧನದೊಳಗೇ ತುಂಬಿಕೊಡಬೇಕು. ಒಳ್ಳೆಯ ವಿನ್ಯಾಸ, ಕೆಟ್ಟ ವಿನ್ಯಾಸ ಬೇರೆಯಾಗುವುದು ಹೆಚ್ಚಾಗಿ ಇಲ್ಲೇ. ಇನ್ನು ಮಂದ್ರದ ಮಾತು. ಪುಟ್ಟ ಡ್ರೈವರ್ ತಬಲಾದ ಬಾಯಾದ ಗುಂಗನ್ನು ಹೊರಡಿಸುವುದು ಟಿಪ್ ಮತ್ತು ಕಿವಿತಮಟೆಯ ನಡುವೆ ಸಿಕ್ಕಿಬಿದ್ದ ಚೂರು ಗಾಳಿಯನ್ನು ಒತ್ತಿಯೇ. ಸಣ್ಣ ಸಂದಿಯಿದ್ದರೂ ಒತ್ತಡ ಸೋರಿ, ಮಂದ್ರ 10 ಡೆಸಿಬೆಲ್‌ಗೂ ಹೆಚ್ಚು ಕುಸಿಯಬಹುದು. ಆ ಕೊರತೆಯನ್ನು ದುಬಾರಿ ಡ್ರೈವರ್ ತುಂಬಲಾರದು.

ಹಣ ಕೊಟ್ಟವರು ಕೇಳಿಯೇ ಮೆಚ್ಚುತ್ತಾರಲ್ಲ ಎಂದು ಕೇಳಬಹುದು. ಆದರೆ ಒಂದೆರಡು ಡೆಸಿಬೆಲ್ ಜೋರಾಗಿರುವುದು ನಮಗೆ ಜೋರು ಎನಿಸದೆ ಚೆನ್ನ ಎನಿಸುತ್ತದೆ. ಎರಡು ಜೊತೆಗಳ ಧ್ವನಿಮಟ್ಟ ಸರಿಸಮ ಮಾಡದ ಹೋಲಿಕೆಯನ್ನು ನಂಬಲಾಗದು. ಬ್ರೇಬಾರ್ಟ್ ನೋಡಿದಂಥ ಅಳತೆಗಳು ಯಂತ್ರದ ಕಿವಿಯವು, ನನ್ನ ಕಿವಿಯವಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸುಮಾರು 8,000 ಹರ್ಟ್ಸ್‌ನ ಮೇಲೆ ಕಿವಿಯಿಂದ ಕಿವಿಗೆ ನಿಜವಾಗಿಯೂ ವ್ಯತ್ಯಾಸವಿದೆ. ಅದಕ್ಕೇ ಹಿಂತಿರುಗಿಸಲು ಅವಕಾಶವಿರುವಲ್ಲಿ ಕೊಂಡು, ಪೆಟ್ಟಿಗೆಯಲ್ಲಿ ಬಂದ ಎಲ್ಲ ಅಳತೆಯ ಟಿಪ್‌ಗಳನ್ನೂ ಹಾಕಿ ನೋಡಬೇಕು. ಎಡ-ಬಲ ಕಿವಿಗಳಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು.

ಸದ್ದಡಗಿಸುವ ತಂತ್ರವಿದ್ದರೆ ಬಿಗಿ ಏಕೆ ಎಂಬುದು ಇನ್ನೊಂದು ಪ್ರಶ್ನೆ. ಈ ತಂತ್ರ ಹೊರಗಿನ ಸದ್ದನ್ನು ಮೈಕ್‌ನಲ್ಲಿ ಹಿಡಿದು, ಅದಕ್ಕೆ ತದ್ವಿರುದ್ಧ ಅಲೆಯನ್ನು ಹೊರಡಿಸುತ್ತದೆ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನ ಇಂಜಿನ್ನಿನ ಒಂದೇ ಸಮನೆಯ ಗುಂಯ್ಗುಡುವಿಕೆಗೆ ಇದು ಚೆನ್ನಾಗಿ ಒದಗುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮಗ್ಗದ ಟಕ್ ಟಕ್ ಸದ್ದು ಹಾಗಲ್ಲ: ಚುರುಕು, ಕ್ಷಣಿಕ, ಎತ್ತರದ ಸ್ವರಗಳಿಂದ ತುಂಬಿದ್ದು. ಅದನ್ನು ತಡೆಯುವುದು ಮುಖ್ಯವಾಗಿ ರಬ್ಬರಿನ ಬಿಗಿಯೇ. ಬಿಗಿ ಇಲ್ಲದಿದ್ದರೆ ಮಗ್ಗದ ಸದ್ದನ್ನು ಮೀರಿಸಲು ಕೈ ತಾನಾಗಿ ವಾಲ್ಯೂಮ್ ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿದರೆ ಬರೀ 4 ಗಂಟೆ. ದಿನವಿಡೀ ಮಗ್ಗದ ಮುಂದೆ ಅಷ್ಟು ಜೋರಾಗಿ ಹಾಡು ಕೇಳುತ್ತಾ ಕೂರುವವರಿಗೆ ವಾರದ ಆ ಪಾಲು ಸೋಮವಾರ ಮಧ್ಯಾಹ್ನದೊಳಗೇ ಮುಗಿದಿರುತ್ತದೆ.