ಹರಿಶ್ಚಂದ್ರ ಒಬ್ಬನೇ, ಸಿನಿಮಾ ಎರಡು: ಮನೆಯಲ್ಲಿ ಕೂತು ನೋಡುವವರ ವಾದ ಮುಗಿಯುವುದಿಲ್ಲ!

ಕರಣಕೋಟ: ರಾಜ್‌ಕುಮಾರ್ ಅಭಿನಯದ ‘ಸತ್ಯ ಹರಿಶ್ಚಂದ್ರ’ ಮೊದಲು ತೆರೆ ಕಂಡದ್ದು 1965ರಲ್ಲಿ. ಬಣ್ಣ ಹಚ್ಚಿಕೊಂಡು ಎರಡನೇ ಸಲ ಬಂದದ್ದು 2008ರ ಏಪ್ರಿಲ್‌ನಲ್ಲಿ. ಟಾಕೀಸಿನಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಟಿವಿಗೆ, ಈಗ ಮೊಬೈಲಿಗೂ ಇಳಿದಿರುವ ಈ ಚಿತ್ರವನ್ನು ಹಬ್ಬದ ದಿನ ಮನೆಮಂದಿಯೆಲ್ಲ ಕೂತು ನೋಡುವುದು ಕನ್ನಡಿಗರಿಗೆ ಹೊಸದಲ್ಲ. ಆದರೆ ತಾಂಡೂರು, ನಾರಾಯಣಖೇಡ, ಜಹೀರಾಬಾದ್ ಕಡೆಯ ಮನೆಗಳಲ್ಲಿ ಇದಕ್ಕೊಂದು ಹೆಚ್ಚಿನ ತಕರಾರು ಇದೆ. ಇಲ್ಲಿ ಹರಿಶ್ಚಂದ್ರ ಎಂದರೆ ಯಾವ ಹರಿಶ್ಚಂದ್ರ? ರಾಜ್‌ಕುಮಾರರೋ, ಎನ್.ಟಿ.ರಾಮರಾಯರೋ?

ಈ ಪ್ರಶ್ನೆ ಬೆಂಗಳೂರಿನ ಮನೆಯಲ್ಲಿ ಹುಟ್ಟುವುದಿಲ್ಲ. ವಿಜಯವಾಡದಲ್ಲೂ ಹುಟ್ಟುವುದಿಲ್ಲ. ಎರಡೂ ಭಾಷೆ ಕಿವಿಗೆ ಬಿದ್ದಿರುವ ಗಡಿ ಊರಿನಲ್ಲಿ ಮಾತ್ರ ಹುಟ್ಟುತ್ತದೆ. ತಾಂಡೂರು ತಾಲೂಕು 1956ರ ಅಕ್ಟೋಬರ್ ತನಕ ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. ಶಾಲೆಯಲ್ಲಿ ತೆಲುಗು ಇಲ್ಲವೇ ಇಂಗ್ಲಿಷ್, ಪಡಸಾಲೆಯಲ್ಲಿ ಮುತ್ಯಾನ ಜೊತೆ ಕನ್ನಡ. ಹೀಗಿರುವ ಮನೆಯಲ್ಲಿ ‘ಸತ್ಯ ಹರಿಶ್ಚಂದ್ರ’ ಹಾಕಿದರೆ ಯಾವುದನ್ನು ಹಾಕುವುದು ಎಂಬುದೇ ಮೊದಲ ಜಗಳ.

ಡಬ್ಬಿಂಗ್ ಅಲ್ಲ ಸ್ವಾಮಿ

ಒಂದು ತಪ್ಪು ತಿಳಿವಳಿಕೆ ಬಹಳ ಮಂದಿಗೆ ಇದೆ. ತೆಲುಗು ಚಿತ್ರವನ್ನೇ ಕನ್ನಡಕ್ಕೆ ಡಬ್ ಮಾಡಿದ್ದಾರೆ ಎನ್ನುವವರು ಕೆಲವರು. ಕನ್ನಡದ್ದನ್ನು ನೋಡಿ ತೆಲುಗಿನವರು ರೀಮೇಕ್ ಮಾಡಿದರು ಎನ್ನುವವರು ಇನ್ನು ಕೆಲವರು. ಎರಡೂ ಸರಿಯಲ್ಲ. ಎರಡು ಚಿತ್ರಗಳೂ 1965ರವು, ಜೊತೆಜೊತೆಯಾಗಿಯೇ ತಯಾರಾದವು. ‘ಮಾಯಾಬಜಾರ್’ ಖ್ಯಾತಿಯ ಕೆ.ವಿ.ರೆಡ್ಡಿ ತೆಲುಗಿನದನ್ನು ತಾವೇ ನಿರ್ದೇಶಿಸಿದರು. ಕನ್ನಡದ್ದಕ್ಕೆ ಅವರು ನಿರ್ಮಾಪಕರು. ನಿರ್ದೇಶನ, ಮಾತು, ಹಾಡು ಹುಣಸೂರು ಕೃಷ್ಣಮೂರ್ತಿಯವರದು. ಸಂಗೀತ ಎರಡಕ್ಕೂ ಪೆಂಡ್ಯಾಲ ನಾಗೇಶ್ವರರಾವ್.

ಪಾತ್ರಧಾರಿಗಳು ಮಾತ್ರ ಬೇರೆ. ತೆಲುಗಿನಲ್ಲಿ ಎನ್.ಟಿ.ಆರ್. ಜೊತೆ ಚಂದ್ರಮತಿಯಾಗಿ ಎಸ್.ವರಲಕ್ಷ್ಮಿ. ಕನ್ನಡದಲ್ಲಿ ರಾಜ್‌ಕುಮಾರ್ ಜೊತೆ ಪಂಢರಿಬಾಯಿ. ವಿಶ್ವಾಮಿತ್ರನಾಗಿ ಉದಯಕುಮಾರ್, ನಕ್ಷತ್ರಿಕನಾಗಿ ನರಸಿಂಹರಾಜು, ಸ್ಮಶಾನದ ಒಡೆಯ ವೀರಬಾಹುವಾಗಿ ಎಂ.ಪಿ.ಶಂಕರ್. ಕನ್ನಡ ನಟರು ಕನ್ನಡದಲ್ಲೇ ಮಾತಾಡಿ ನಟಿಸಿದ್ದು. ಆದ್ದರಿಂದಲೇ ತುಟಿಗೂ ಮಾತಿಗೂ ತಾಳ ತಪ್ಪುವುದಿಲ್ಲ. ಇದನ್ನು ಡಬ್ಬಿಂಗ್ ಎನ್ನುವವರು ಹತ್ತು ನಿಮಿಷ ತುಟಿಯನ್ನೇ ನೋಡಲಿ, ಸಾಕು.

ಒಂದೇ ಕಥೆ, ಒಂದೇ ಸಂಗೀತಗಾರ. ಆದರೂ ಫಲ ಬೇರೆಯಾಯಿತು. ಕನ್ನಡದ್ದು ಜನ ಮೆಚ್ಚಿದ ಚಿತ್ರವಾಯಿತು, 13ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಕನ್ನಡಕ್ಕೆ ಮೀಸಲಾದ ರಾಷ್ಟ್ರಪತಿಗಳ ಬೆಳ್ಳಿ ಪದಕವನ್ನೂ ಪಡೆಯಿತು. ತೆಲುಗಿನದು ಸೋತಿತು. ರಾಮ, ಕೃಷ್ಣನ ವೇಷದಲ್ಲಿ ಜನ ಕೈಮುಗಿಯುತ್ತಿದ್ದ ಎನ್.ಟಿ.ಆರ್. ಇದ್ದೂ ಸೋತಿತು!

ಯಾಕೆ? ತೆಲುಗಿನ ಹಿರಿಯ ವೀಕ್ಷಕರು ಕೊಡುವ ಒಂದು ಕಾರಣ ಒಪ್ಪುವಂಥದ್ದು. ತೆಲುಗರ ಕಿವಿಯಲ್ಲಿ ಸಿನಿಮಾಕ್ಕೆ ಮುಂಚೆಯೇ ನಾಟಕ ಕೂತಿತ್ತು. ಬಲಿಜೇಪಲ್ಲಿ ಲಕ್ಷ್ಮೀಕಾಂತಂ ಬರೆದ ಹರಿಶ್ಚಂದ್ರ ನಾಟಕದ ಪದ್ಯಗಳನ್ನು ಊರೂರಲ್ಲಿ ರಾತ್ರಿಯಿಡೀ ಹಾಡುತ್ತಿದ್ದರು. ಸ್ಮಶಾನದ ದೃಶ್ಯ ಬಂದಾಗ ದಲಿತ ಕವಿ ಗುರ್ರಂ ಜಾಷುವಾ ಅವರ ಸ್ಮಶಾನದ ಪದ್ಯಗಳನ್ನೂ ನಟರು ಸೇರಿಸಿಕೊಳ್ಳುತ್ತಿದ್ದರು. ‘ಕಾಟಿ ಸೀನು’ ಎಂದು ಅದಕ್ಕೇ ಪ್ರತ್ಯೇಕ ಹೆಸರು. ಇಡೀ ನಾಟಕ ಬೇಡ, ಆ ಒಂದು ಸೀನು ಆಡಿಸಿ ಎಂದು ಕರೆಸುವ ರೂಢಿಯೂ ಇತ್ತು. ಅಂಥ ಕಿವಿಗೆ ಸಿನಿಮಾದ ಹರಿಶ್ಚಂದ್ರ ಎಷ್ಟು ಹಾಡಿದರೂ ಕಡಿಮೆಯೇ.

ಕನ್ನಡದಲ್ಲೂ ಹಿಂದಿನದು ಇಲ್ಲದೆ ಇರಲಿಲ್ಲ. ಹಂಪಿಯ ರಾಘವಾಂಕ ಷಟ್ಪದಿಯಲ್ಲಿ ಬರೆದ ಹರಿಶ್ಚಂದ್ರ ಕಾವ್ಯ ಇದೆ. ಸುಬ್ಬಯ್ಯ ನಾಯ್ಡು ಅಭಿನಯದ 1943ರ ‘ಸತ್ಯ ಹರಿಶ್ಚಂದ್ರ’ ಇದೆ. ಅದನ್ನು ಮರುವರ್ಷ ತಮಿಳಿಗೆ ಡಬ್ ಮಾಡಿದ್ದು ನಮ್ಮ ದೇಶದ ಡಬ್ಬಿಂಗ್ ಇತಿಹಾಸದ ಮೊದಲ ಹೆಜ್ಜೆ. ಆದರೆ ರಾಜ್‌ಕುಮಾರ್ ಗುಬ್ಬಿ ಕಂಪನಿಯ ರಂಗಮಂಚದಿಂದಲೇ ಬಂದವರು. ಮಾತನ್ನು ಎಲ್ಲಿ ಎಳೆಯಬೇಕು, ಎಲ್ಲಿ ನುಂಗಬೇಕು ಎಂಬ ಹದ ಅವರಿಗೆ ಗೊತ್ತಿತ್ತು. ಎನ್.ಟಿ.ಆರ್. ಹರಿಶ್ಚಂದ್ರ ಕಷ್ಟದಲ್ಲೂ ಚಕ್ರವರ್ತಿಯಂತೆಯೇ ನಿಲ್ಲುತ್ತಾರೆ. ರಾಜ್‌ಕುಮಾರ್ ಹರಿಶ್ಚಂದ್ರನ ಬೆನ್ನು ಬಾಗುತ್ತದೆ. ಮನೆಯಲ್ಲಿ ಎರಡನ್ನೂ ಒಂದರ ಮೇಲೊಂದು ಹಾಕಿ ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಟಾಕೀಸಿನ ಕಾಲದಲ್ಲಿ ಹೀಗೆ ಹೋಲಿಸಲು ಆಗುತ್ತಿರಲಿಲ್ಲ ಅನ್ನುವುದನ್ನೂ ಮರೆಯಬಾರದು.

ತಮಾಷೆ ಏನೆಂದರೆ, ಇಷ್ಟೆಲ್ಲ ವಾದ ಮಾಡುವವರು ಒಂದು ಹಾಡಿಗೆ ಬಂದಾಗ ಸುಮ್ಮನಾಗುತ್ತಾರೆ. ಕನ್ನಡ ಚಿತ್ರದ ‘ನಮೋ ಭೂತನಾಥ’ ಹಾಡಿದವರು ಘಂಟಸಾಲ. ತೆಲುಗು ಹರಿಶ್ಚಂದ್ರನಿಗೂ ಅವರದೇ ಕಂಠ. ಮುಖ ಯಾರದ್ದಾದರೂ ಇರಲಿ, ದನಿ ಒಬ್ಬರದೇ ಆದ ಮೇಲೆ ಜಗಳ ಯಾತಕ್ಕೆ?

ಬಣ್ಣ ಬೇಕೇ, ಬೇಡವೇ

ಎರಡನೆಯ ವಾದ ಬಣ್ಣದ್ದು. 2004ರಲ್ಲಿ ‘ಮೊಘಲ್-ಎ-ಆಜಂ’, 2007ರಲ್ಲಿ ‘ನಯಾ ದೌರ್’ ಬಣ್ಣದಲ್ಲಿ ಬಂದವು. ಆಮೇಲೆ ಕನ್ನಡದಲ್ಲಿ ಮೊದಲನೆಯದಾಗಿ ಬಂದದ್ದು ‘ಸತ್ಯ ಹರಿಶ್ಚಂದ್ರ’. 2010ರಲ್ಲಿ ತೆಲುಗಿನ ‘ಮಾಯಾಬಜಾರ್’ ಬಂತು. ಹೀಗೆ ಕೆ.ವಿ.ರೆಡ್ಡಿಯವರ ಹೆಸರಿರುವ ಎರಡು ಚಿತ್ರಗಳು ಎರಡು ಭಾಷೆಯಲ್ಲಿ ಬಣ್ಣ ಕಂಡವು.

ಇದನ್ನು ಮಾಡುವುದು ಹೇಗೆ? ಹಳೆಯ ಫಿಲ್ಮನ್ನು ಒಂದೊಂದೇ ಚಿತ್ರವಾಗಿ ಕಂಪ್ಯೂಟರಿಗೆ ಇಳಿಸುತ್ತಾರೆ. ಗೀರು, ಧೂಳು ತೆಗೆಯುತ್ತಾರೆ. ಮೈ, ಬಟ್ಟೆ, ಒಡವೆ, ಮರ, ಆಕಾಶ ಎಂದು ಬೇರೆ ಮಾಡಿ ಪ್ರತಿಯೊಂದಕ್ಕೂ ಬಣ್ಣ ಗೊತ್ತುಮಾಡುತ್ತಾರೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಮೂರು ಗಂಟೆಗೆ ಲೆಕ್ಕ ಹಾಕಿದರೆ 2,59,200 ಚಿತ್ರಗಳು! ಹರಿಶ್ಚಂದ್ರ ಮೂರು ಗಂಟೆಗಿಂತ ಉದ್ದವಾದ ಚಿತ್ರ. ಕೆಲಸ ಎಷ್ಟಿರಬಹುದು ಊಹಿಸಿಕೊಳ್ಳಿ.

ಇಷ್ಟಾದರೂ ಆ ಬಣ್ಣ ನಿಜವಾದ ಬಣ್ಣವಲ್ಲ. ಕಪ್ಪು-ಬಿಳುಪಿನ ಕಾಲದಲ್ಲಿ ಸೀರೆ, ಪಂಚೆ, ಸೆಟ್ಟಿನ ಕಂಬಗಳ ಬಣ್ಣವನ್ನು ಆರಿಸುತ್ತಿದ್ದುದು ಪರದೆಯ ಮೇಲೆ ಅದು ಎಷ್ಟು ಬೂದಾಗಿ ಕಾಣುತ್ತದೆ ಎಂದು ನೋಡಿ. ಪಂಢರಿಬಾಯಿಯವರ ಸೀರೆ ಶೂಟಿಂಗ್ ದಿನ ಯಾವ ಬಣ್ಣದ್ದಿತ್ತು ಎಂಬುದು ಫಿಲ್ಮಿನಲ್ಲಿ ಉಳಿದಿಲ್ಲ. ಈಗ ಕಾಣುವುದು ಇಂದಿನವರು ಆರಿಸಿದ್ದು.

ಚಿಕ್ಕ ಮಕ್ಕಳಿರುವ ಮನೆಯವರು ಬಣ್ಣದ್ದೇ ಬೇಕೆನ್ನುತ್ತಾರೆ. ಕಪ್ಪು-ಬಿಳುಪು ಹಾಕಿದರೆ ಹುಡುಗರು ಐದು ನಿಮಿಷಕ್ಕೆ ಎದ್ದು ಹೋಗುತ್ತಾರೆ ಎಂಬುದು ಅವರ ದೂರು, ಸುಳ್ಳೂ ಅಲ್ಲ. ಅರಮನೆ, ಆಸ್ಥಾನ, ಋಷ್ಯಾಶ್ರಮ ಇರುವ ಮೊದಲ ಭಾಗಕ್ಕೆ ಬಣ್ಣ ಕಳೆ ಕೊಟ್ಟಿದೆ. ಸ್ಮಶಾನಕ್ಕೆ ಬಂದಾಗ ಮಾತು ಬೇರೆ. ಕತ್ತಲು, ಹೊಗೆ, ಉರಿಯುವ ಚಿತೆ, ಕೋಲು ಹಿಡಿದು ನಿಂತ ಒಬ್ಬ ಮನುಷ್ಯ. ಅಲ್ಲಿ ಬಣ್ಣ ಸೇರಿಸಲು ಏನಿದೆ? ಆ ಭಾಗ ಕಪ್ಪು-ಬಿಳುಪಿನಲ್ಲೇ ಚೆನ್ನ ಎನ್ನುವ ಹಿರಿಯರ ಮಾತಿಗೆ ಎದುರು ಹೇಳುವುದು ಕಷ್ಟ.

ಇನ್ನು ಟಿವಿ ಸೆಟ್ಟಿನ ತೊಂದರೆ. ಹಳೆಯ ಚಿತ್ರದ ಚೌಕಟ್ಟು ಹೆಚ್ಚುಕಡಿಮೆ ಚೌಕ. ಈಗಿನ ಟಿವಿ ಅಗಲ. ಪರದೆ ತುಂಬಲಿ ಎಂದು ಎಳೆದರೆ ರಾಜ ದಪ್ಪಗಾಗುತ್ತಾನೆ, ಕತ್ತರಿಸಿದರೆ ಕಿರೀಟ ಹೋಗುತ್ತದೆ. ರಿಮೋಟಿನಲ್ಲಿ ಚಿತ್ರದ ಅಳತೆ ಬದಲಿಸುವ ಗುಂಡಿ ಒತ್ತಿ ಮೂಲದ ಅಳತೆಗೆ ತಂದು, ಎರಡು ಬದಿ ಕಪ್ಪು ಬಿಟ್ಟು ನೋಡುವುದು ಒಳ್ಳೆಯದು. ವಿಸಿಡಿ ಕಾಲದಲ್ಲಿ ಬೇರೆ ಕಷ್ಟವಿತ್ತು. ಒಂದು ವಿಸಿಡಿಯಲ್ಲಿ ಹಿಡಿಯುತ್ತಿದ್ದುದು 74ರಿಂದ 80 ನಿಮಿಷ. ಈ ಉದ್ದದ ಚಿತ್ರಕ್ಕೆ ಎರಡು ಸಾಲದು. ಬಾಡಿಗೆಗೆ ತಂದ ಪೆಟ್ಟಿಗೆಯಲ್ಲಿ ಮೂರನೆಯದು ಇಲ್ಲದಿದ್ದರೆ ಲೋಹಿತಾಶ್ವ ಬದುಕುತ್ತಲೇ ಇರಲಿಲ್ಲ!

ಹೆಂಡತಿಯನ್ನು ಮಾರುವುದು ಯಾವ ಸತ್ಯ?

ಮನೆಯಲ್ಲಿ ನೋಡುವಾಗ ಟಾಕೀಸಿನಲ್ಲಿ ಕೇಳದ ಮಾತುಗಳು ಕೇಳುತ್ತವೆ. ಕಾಶಿಯ ಬೀದಿಯಲ್ಲಿ ಹರಿಶ್ಚಂದ್ರ ಹೆಂಡತಿ ಮಗನನ್ನು ಹರಾಜಿಗೆ ನಿಲ್ಲಿಸುವಾಗ, ಅವನು ಕೊಟ್ಟ ಮಾತಿಗೆ ಇವಳು ಯಾಕೆ ಬೆಲೆ ತೆರಬೇಕು ಎಂದು ಕಾಲೇಜು ಓದುವ ಹೆಣ್ಣುಮಕ್ಕಳು ಕೇಳುತ್ತಾರೆ. ಸತ್ಯ ಅವನದು, ಊಳಿಗ ಅವಳದು. ಹಿರಿಯರ ಉತ್ತರ: ಅವಳೇ ಒಪ್ಪಿ ಮುಂದೆ ಬಂದಳಲ್ಲ! ಈ ಉತ್ತರ ಎಲ್ಲರಿಗೂ ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಬಾಲಕ ಗಾಂಧಿ ಈ ನಾಟಕ ನೋಡಿ ಎಲ್ಲರೂ ಯಾಕೆ ಹರಿಶ್ಚಂದ್ರರಂತೆ ಇರಬಾರದು ಎಂದು ತನ್ನನ್ನೇ ಕೇಳಿಕೊಂಡದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಚಂದ್ರಮತಿಯ ಕಡೆಯಿಂದ ಕೇಳುವ ಪ್ರಶ್ನೆ ಬೇರೆ, ಅದಕ್ಕೂ ಅಷ್ಟೇ ತೂಕವಿದೆ. ಪಂಢರಿಬಾಯಿ ಆ ಪಾತ್ರವನ್ನು ಗೋಳಾಟಕ್ಕೆ ಬಿಡದೆ ನಿಭಾಯಿಸಿದ್ದರಿಂದಲೇ ಆ ಪ್ರಶ್ನೆ ಹುಟ್ಟುತ್ತದೆ ಎನ್ನಬೇಕು.

ಸಾಲದ ಸಂಗತಿ ಮಾತ್ರ ಯಾರಿಗೂ ವಿವರಿಸಬೇಕಿಲ್ಲ. ಬೆನ್ನು ಬಿಡದೆ ವಸೂಲಿಗೆ ಬರುವವನಿಗೆ ನಕ್ಷತ್ರಿಕ ಎಂದು ಕನ್ನಡದಲ್ಲೂ ಅನ್ನುತ್ತಾರೆ, ನಕ್ಷತ್ರಕುಡು ಎಂದು ತೆಲುಗಿನಲ್ಲೂ ಅನ್ನುತ್ತಾರೆ. ವಾರದ ಕಂತು ಕಟ್ಟುವ ಮನೆಯಲ್ಲಿ ನರಸಿಂಹರಾಜು ತೆರೆಗೆ ಬಂದರೆ ನಗು ಜೋರಾಗಿಯೇ ಬರುತ್ತದೆ, ಬೇಗ ನಿಲ್ಲುತ್ತದೆ.

ವೀರಬಾಹುವಿನ ಹಾಡು ಬಂದಾಗ

ಈ ಚಿತ್ರದಲ್ಲಿ ಎಲ್ಲರ ಬಾಯಲ್ಲೂ ಉಳಿದ ಹಾಡು ರಾಜನದಲ್ಲ. ರಾಜನನ್ನು ಕೊಂಡ ಸುಡುಗಾಡಿನ ಒಡೆಯನದು. ‘ಕುಲದಲ್ಲಿ ಕೀಳ್ಯಾವುದೋ’ ಹಾಡಿಗೆ ತೆರೆಯ ಮೇಲೆ ಎಂ.ಪಿ.ಶಂಕರ್, ಹಿಂದೆ ಮತ್ತದೇ ಘಂಟಸಾಲ. ಕುಲದ ಹೆಚ್ಚುಗಾರಿಕೆಯನ್ನೇ ಪ್ರಶ್ನಿಸುವ ಈ ಹಾಡನ್ನು ಕುಣಿಯುತ್ತ, ಗೆಜ್ಜೆಯ ಲಯದಲ್ಲಿ ಹೇಳಿರುವುದರಿಂದ ಮದುವೆ ಮನೆಯ ಮೈಕಿನಲ್ಲೂ ಹಾಕುತ್ತಾರೆ, ಅರ್ಥ ಯೋಚಿಸದೆ ತಾಳ ಹಾಕುವವರೂ ಇದ್ದಾರೆ.

ಕೆಲವು ಮನೆಗಳಲ್ಲಿ ಇದು ಕುಡುಕರ ಕುಣಿತ, ಮುಂದೆ ಓಡಿಸಿ ಎನ್ನುತ್ತಾರೆ. ಓಡಿಸಿದರೆ ಕಥೆಯ ಬೆನ್ನೆಲುಬೇ ಹೋಗುತ್ತದೆ. ರಾಘವಾಂಕನ ಕಾವ್ಯದಲ್ಲಿ, ಕೀಳು ಕುಲದವರೆಂದು ಇಬ್ಬರು ಗಾಯಕಿಯರನ್ನು ಮದುವೆಯಾಗಲು ಒಪ್ಪದ ರಾಜ ಕೊನೆಗೆ ಅದೇ ಕೀಳೆನಿಸಿಕೊಂಡವನ ಆಳಾಗಿ ಹೆಣ ಸುಡುತ್ತಾನೆ. ಅವನಿಗೆ ಅನ್ನ ಹಾಕಿದವನು, ಅವನ ಸಾಲ ತೀರುವಂತೆ ಮಾಡಿದವನು ವೀರಬಾಹು. ಇಂದಿಗೂ ಸ್ಮಶಾನದ ದಾರಿ, ಜಾಗ ಎಂದು ಜಾತಿಗೊಂದು ತಕರಾರು ನಡೆಯುವ ಊರುಗಳಿರುವಾಗ ಈ ಹಾಡನ್ನು ಬಿಟ್ಟು ಬರಿಯ ಸತ್ಯದ ಪಾಠ ಹೇಳಿದರೆ ಅರ್ಧ ಸಿನಿಮಾ ನೋಡಿದಂತೆ.

ಮಕ್ಕಳಿಗೆ ಭಾಷೆ ತೊಡಕಾಗುವುದು ನಿಜ. ಹುಣಸೂರರ ಮಾತು ನಾಟಕದ ಕನ್ನಡ, ಪಡಸಾಲೆಯ ಕನ್ನಡವಲ್ಲ. ಆದರೆ ಸತ್ಯ, ವಚನ, ಋಣ, ದಾನ ಎಂಬ ಶಬ್ದಗಳು ತೆಲುಗು ಪಾಠದಲ್ಲೂ ಇರುವುದರಿಂದ ಇಲ್ಲಿನ ಹುಡುಗರು ಅಂದುಕೊಂಡದ್ದಕ್ಕಿಂತ ಹೆಚ್ಚೇ ಹಿಡಿಯುತ್ತಾರೆ. ಎಡವುವುದು ಸಣ್ಣ ಶಬ್ದಗಳಲ್ಲಿ. ತೆಲುಗಿನಲ್ಲಿ ‘ಕಾಡು’ ಎಂದರೆ ಹೆಣ ಸುಡುವ ಜಾಗ. ‘ಕಾಟಿ ಕಾಪರಿ’ ಎಂದರೆ ಅದನ್ನು ಕಾಯುವವನು. ಕನ್ನಡದಲ್ಲಿ ಕಾಡು ಎಂದರೆ ಅಡವಿ. ರಾಜ ಕಾಡಿಗೆ ಹೋದ ಎಂದು ಮುತ್ಯಾ ಹೇಳಿದರೆ ಮೊಮ್ಮಗ ಆಗಲೇ ಚಿತೆ ಉರಿಯಿತೆಂದು ತಿಳಿಯಬಹುದು. ‘ಸುಡುಗಾಡು’ ಎಂಬ ನಮ್ಮ ಶಬ್ದವನ್ನು ಬಿಡಿಸಿ ತೋರಿಸಿದರೆ ಎರಡು ಭಾಷೆಯ ನಂಟು ಅಲ್ಲೇ ಸಿಗುತ್ತದೆ.

ಮೂರು ಗಂಟೆಗೂ ಮಿಕ್ಕ ಚಿತ್ರ ಒಂದೇ ರಾತ್ರಿ ಮುಗಿಸುವ ಹಟ ಬೇಡ. ಕಾಶಿಗೆ ಹೊರಡುವ ತನಕ ಒಂದು ದಿನ, ಕಾಶಿಯಿಂದ ಮುಂದಕ್ಕೆ ಇನ್ನೊಂದು ದಿನ. ಹಾವು ಕಚ್ಚಿ ಮಗ ಸಾಯುವ ಭಾಗಕ್ಕೆ ತೀರ ಚಿಕ್ಕ ಮಕ್ಕಳು ಹೆದರುತ್ತಾರೆ, ಪಕ್ಕದಲ್ಲಿ ದೊಡ್ಡವರು ಕೂತಿರಲಿ. ಎನ್.ಟಿ.ಆರ್. ಅಭಿಮಾನಿಗಳು ಮನೆಯಲ್ಲಿದ್ದರೆ ಮೂರನೆಯ ದಿನ ತೆಲುಗಿನದು ಹಾಕಿ, ಕಾಟಿ ಸೀನಿನಿಂದ.